ಹುಬ್ಬಳ್ಳಿ ಮೇಲೋ, ಧಾರವಾಡ ಮೇಲೋ?

ಧಾರವಾಡಕ್ಕೆ ಬೇರೆ ಮಹಾನಗರ ಪಾಲಿಕೆ ಬೇಕೆಂಬ ಬಹುದಿನಗಳ ಕೂಗಿಗೆ 2025ರ ಜನವರಿಯಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆಯ ಮುದ್ರೆ ಒತ್ತಿದಂದಿನಿಂದ ಹಳೆಯ ಜಗಳವೊಂದಕ್ಕೆ ಹೊಸ ಹುರುಪು ಬಂದಿದೆ. ಚಹದಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಅದೇ ಮಾತು: ಬಾಳುವೆ ಮಾಡಲು ಯಾವ ಊರು ಮೇಲು, ಹುಬ್ಬಳ್ಳಿಯೋ ಧಾರವಾಡವೋ? ನಡುವೆ ಇರುವುದು ಇಪ್ಪತ್ತು ಕಿಲೋಮೀಟರಿನ ದಾರಿ. ಆದರೆ ವಾದ ಮಾಡುವವರ ಆವೇಶ ನೋಡಿದರೆ ನಡುವೆ ಒಂದು ಸಮುದ್ರವೇ ಇದೆ ಎನ್ನಬೇಕು. ನಮ್ಮ ಪತ್ರಿಕೆ ಅಚ್ಚಾಗುವುದು ಧಾರವಾಡದಲ್ಲಿ, ಹೆಚ್ಚಿನ ಪ್ರತಿಗಳು ಮಾರುವುದು ಹುಬ್ಬಳ್ಳಿಯಲ್ಲಿ; ಆದ್ದರಿಂದ ನಾವು ಏನು ಬರೆದರೂ ಪಕ್ಷಪಾತದ ಆರೋಪ ಎರಡು ಕಡೆಯಿಂದಲೂ ತಪ್ಪಿದ್ದಲ್ಲ. ಆದರೂ ಬರೆಯುವ ಹೊತ್ತು ಬಂದಿದೆ.

ಧಾರವಾಡದ ಪಕ್ಷ ಹಿಡಿದವರು ಹೇಳುವುದು ಸುಳ್ಳೇನಲ್ಲ. ಮಲೆನಾಡಿನ ಸೆರಗಿನಲ್ಲಿ, ಹುಬ್ಬಳ್ಳಿಗಿಂತ ಎತ್ತರದಲ್ಲಿ ಇರುವ ಊರು ಅದು. ಏಪ್ರಿಲಿನ ಸಂಜೆಗೂ ಒಂದಿಷ್ಟು ತಂಗಾಳಿ ಉಂಟು. ಸಾಧನಕೇರಿ, ಕೆಲಗೇರಿಗಳ ದಂಡೆ ಉಂಟು. 1890ರಿಂದ ವಿದ್ಯಾವರ್ಧಕ ಸಂಘ, 1917ರಿಂದ ಕರ್ನಾಟಕ ಕಾಲೇಜು, 1950ರಿಂದ ವಿಶ್ವವಿದ್ಯಾಲಯ ಹಾಗೂ ಆಕಾಶವಾಣಿ. ಹುಬ್ಬಳ್ಳಿಯ ಪಕ್ಷದವರ ಮಾತೂ ಸುಳ್ಳಲ್ಲ. ರೈಲು, ಮಾರುಕಟ್ಟೆ, ದೊಡ್ಡ ಸರಕಾರಿ ಆಸ್ಪತ್ರೆ, ದುಡಿಯುವ ಕೈಗೆ ಏನಾದರೊಂದು ಕೆಲಸ. ರಾತ್ರಿ ತಡವಾಗಿ ಹೋದರೂ ದುರ್ಗದಬೈಲಿನಲ್ಲಿ ಹಸಿದವನಿಗೆ ಒಂದು ಪ್ಲೇಟು ಮಿರ್ಚಿ ಸಿಕ್ಕೀತು, ಧಾರವಾಡ ಆ ಹೊತ್ತಿಗೆ ಹಾಸಿಗೆ ಸೇರಿರುತ್ತದೆ ಎಂದು ಅವರು ನಗುವುದುಂಟು. ಒಂದು ವಿದ್ಯೆಯ ಊರು, ಇನ್ನೊಂದು ವ್ಯಾಪಾರದ ಊರು ಎಂಬ ಮಾತಂತೂ ಶಾಲೆಯ ಹುಡುಗರಿಗೂ ಬಾಯಿಪಾಠ. ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರು ಬಾಳಿ ಹಾಡಿದ್ದು ಈ ವ್ಯಾಪಾರದ ಊರಿನಲ್ಲಿ ಎಂಬುದನ್ನು ಮಾತ್ರ ಯಾರೂ ನೆನಪಿಸಿಕೊಳ್ಳುವುದಿಲ್ಲ.

ಆದರೆ ಈ ಹೋಲಿಕೆ ಮಾಡುವವರು ಯಾರು ಎಂದು ಒಮ್ಮೆ ನೋಡಿರಿ. ಸ್ವಂತ ಮನೆಯುಳ್ಳವರು, ಪಿಂಚಣಿ ಬರುವವರು, ಬೆಳಗಿನ ತಿರುಗಾಟಕ್ಕೆ ಬಿಡುವುಳ್ಳವರು. ಅವರಿಗೆ ಊರೆಂದರೆ ಹವೆ. ಪಾಳಿಗೆ ಹೋಗುವವನಿಗೆ, ಬೀದಿಯಲ್ಲಿ ಗಾಡಿ ನಿಲ್ಲಿಸಿ ಬಾಳೆಹಣ್ಣು ಮಾರುವವಳಿಗೆ, ಅಮರಗೋಳದ ಕೃಷಿ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲನಿಗೆ ಊರೆಂದರೆ ಬೇರೆ. ಬಾಡಿಗೆ ಎಷ್ಟು, ನಳಕ್ಕೆ ನೀರು ಎಂದು ಬರುವುದು, ಕೆಲಸಕ್ಕೆ ಹೋಗಿ ಬರಲು ಎಷ್ಟು ಹೊತ್ತು, ಹುಡುಗರ ಶಾಲೆ ಎಲ್ಲಿ, ಮೈಗೆ ಬಂದರೆ ಯಾರು ನೋಡುವರು. ಈ ಅಳತೆಗೋಲಿನಿಂದ ಎರಡೂ ಊರುಗಳನ್ನು ಅಳೆದು ನೋಡಬೇಕು.

ಮೊದಲು ಒಂದು ಚರಿತ್ರೆಯ ಮಾತು. ಹುಬ್ಬಳ್ಳಿ ದುಡಿಯುವ ಊರಾದದ್ದೂ ಧಾರವಾಡ ಓದುವ ಊರಾದದ್ದೂ ನೆಲದ ಗುಣದಿಂದಲ್ಲ, ನೀರಿನ ಗುಣದಿಂದಲೂ ಅಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ ಈ ಭಾಗದಲ್ಲಿ ಹಳಿ ಹಾಕಿತು. ಅದು ತನ್ನ ಕಚೇರಿಯನ್ನು ಕಲೆಕ್ಟರ ಸಾಹೇಬರಿದ್ದ ಧಾರವಾಡದಲ್ಲಿ, ಒಳ್ಳೆಯ ಗಾಳಿ ಬೀಸುವ ದಿನ್ನೆಯ ಮೇಲೆ, ಕಲ್ಲಿನ ಅರಮನೆಯಂತೆ ಕಟ್ಟಿಸಿತು. ತನ್ನ ಕಾರ್ಖಾನೆಯನ್ನು, ಹೊಗೆ, ಮಸಿ, ಸುತ್ತಿಗೆಗಳೆಲ್ಲವನ್ನೂ, ಹುಬ್ಬಳ್ಳಿಯಲ್ಲಿ ಇಟ್ಟಿತು. ಲೆಕ್ಕ ಬರೆಯುವವರು ಅಲ್ಲಿ, ಕಬ್ಬಿಣ ಬಡಿಯುವವರು ಇಲ್ಲಿ. ಕಂಪನಿ ಹೋಯಿತು, ಅದರ ಕಚೇರಿಯೇ ಮುಂದೆ ಕರ್ನಾಟಕ ಕಾಲೇಜಿನ ಕಟ್ಟಡವಾಯಿತು. ಕಾರ್ಖಾನೆ ಹುಬ್ಬಳ್ಳಿಯಲ್ಲಿಯೇ ಉಳಿಯಿತು. ಇದ್ದವರಿಗೇ ಮತ್ತೆ ಕೊಡುವುದು ಸರಕಾರಗಳ ಹಳೆಯ ಚಾಳಿ. ವಿಶ್ವವಿದ್ಯಾಲಯ ಧಾರವಾಡಕ್ಕೆ, ಕೃಷಿ ವಿಶ್ವವಿದ್ಯಾಲಯ ಧಾರವಾಡಕ್ಕೆ, 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಧಾರವಾಡಕ್ಕೆ, 2016ರಲ್ಲಿ ಐಐಟಿ ಧಾರವಾಡಕ್ಕೆ. ಹುಬ್ಬಳ್ಳಿಗೆ 1957ರಲ್ಲಿ ವೈದ್ಯಕೀಯ ಕಾಲೇಜು ಬಂದುದು ದೊಡ್ಡ ಮಾತು; ಅದು ಬಾರದಿದ್ದರೆ ಎರಡೂ ಊರಿನ ಬಡವರ ಗತಿ ಏನಾಗುತ್ತಿತ್ತೋ. ಇಂದಿಗೂ ಧಾರವಾಡದ ಕೂಲಿಕಾರ ಕಾಲು ಮುರಿದುಕೊಂಡರೆ ಜನ ಕಿಮ್ಸ್ ಎಂದು ಕರೆಯುವ ಆ ಆಸ್ಪತ್ರೆಗೇ ಅವನನ್ನು ಹೊತ್ತು ತರುವುದು.

ಯಾರೋ ಕುಳಿತು ನಿಶ್ಚಯಿಸಿ ಮಾಡಿದ ಭೇದವಿದು. ಇದನ್ನು ಊರಿನ ಗುಣವೆಂದು ಹೊಗಳುವುದೂ ತಪ್ಪು, ಹಳಿಯುವುದೂ ತಪ್ಪು. ಹುಬ್ಬಳ್ಳಿಯ ಧೂಳನ್ನು ಆಡಿಕೊಳ್ಳುವ ಧಾರವಾಡದ ಗೃಹಸ್ಥರು, ತಾವು ಹತ್ತುವ ರೈಲಿನ ಡಬ್ಬಿ ರಿಪೇರಿಯಾಗುವುದು ಅದೇ ಧೂಳಿನಲ್ಲಿ ಎಂಬುದನ್ನು ನೆನೆಯಬೇಕು.

ಇನ್ನು ನೀರು. ಹುಬ್ಬಳ್ಳಿಗೆಂದು 1950ರ ದಶಕದಲ್ಲಿ ನೀರಸಾಗರ ಕಟ್ಟಿದರು. ಬರದ ವರ್ಷಗಳಲ್ಲಿ ಅದು ಬತ್ತಿ ಬಿರುಕುಬಿಟ್ಟುದನ್ನು ನಮ್ಮ ಓದುಗರಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ. 1980ರ ದಶಕದಿಂದ ಮಲಪ್ರಭೆಯ ನೀರು ಸವದತ್ತಿಯ ಕಡೆಯಿಂದ, ಅಮ್ಮಿನಬಾವಿಯ ಶುದ್ಧೀಕರಣ ಘಟಕದ ಮೂಲಕ ಎರಡೂ ಊರಿಗೆ ಬರತೊಡಗಿತು. ಆದರೂ ಅನೇಕ ಓಣಿಗಳಲ್ಲಿ ವಾರಕ್ಕೊಮ್ಮೆ ನಳ ಬರುವುದೇ ದಶಕಗಳ ವಾಡಿಕೆಯಾಯಿತು. 2008ರಲ್ಲಿ ವಿಶ್ವಬ್ಯಾಂಕಿನ ಸಾಲದ ಯೋಜನೆಯಿಂದ ಎರಡೂ ಊರಿನ ಆಯ್ದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಟ್ಟು ತೋರಿಸಿದರು. ಅಂದರೆ ಕೊಡಲು ಬರುತ್ತದೆ ಎಂಬುದು ಅಂದೇ ಸಿದ್ಧವಾಯಿತು. ಉಳಿದವರು ಕಾಯುತ್ತ ಕುಳಿತರು. ಈಚಿನ ವರ್ಷಗಳಲ್ಲಿ ನಿರ್ವಹಣೆಯನ್ನೇ ಖಾಸಗಿ ಕಂಪನಿಗೆ ವಹಿಸಿಕೊಡಲಾಯಿತು.

ವಾರಕ್ಕೊಮ್ಮೆ ಬರುವ ನೀರು ಎಲ್ಲರಿಗೂ ಸಮ ಎನ್ನುವವರಿಗಾಗಿ ಒಂದು ಸಣ್ಣ ಲೆಕ್ಕ. ಐದು ಜನರ ಸಂಸಾರ. ಒಂದು ಮನೆಯಲ್ಲಿ ನೆಲದಡಿ 6000 ಲೀಟರಿನ ತೊಟ್ಟಿ ಇದೆ, ಮೋಟಾರಿದೆ. ವಾರಕ್ಕೊಮ್ಮೆ ತುಂಬಿದರೂ ತಲೆಗೆ ದಿನಕ್ಕೆ 170 ಲೀಟರಿಗೆ ಮಿಕ್ಕಿ ಆಯಿತು. ಚಾಳಿನ ಮನೆಯಲ್ಲಿ 200 ಲೀಟರಿನ ಎರಡು ಬ್ಯಾರಲು, 15 ಲೀಟರಿನ ಹತ್ತು ಕೊಡ. ಹೆಚ್ಚಿಗೆ ಇಡಲು ಜಾಗವೇ ಇಲ್ಲ. ಒಟ್ಟು 550 ಲೀಟರು. ಏಳು ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 16 ಲೀಟರಿಗೂ ಕಡಿಮೆ. ಒಳಚರಂಡಿಯುಳ್ಳ ಪಟ್ಟಣದಲ್ಲಿ ತಲೆಗೆ 135 ಲೀಟರು ಬೇಕೆಂದು ಸರಕಾರದ ಎಂಜಿನಿಯರರೇ ನಿಗದಿ ಮಾಡಿದ್ದಾರೆ. ಒಂದೇ ನಳ, ಒಂದೇ ದಿನ, ಆದರೆ ಒಬ್ಬನು ತೋಟಕ್ಕೆ ಹಾಯಿಸುತ್ತಾನೆ, ಇನ್ನೊಬ್ಬನ ಹೆಂಡತಿ ನಾಲ್ಕನೆಯ ದಿನವೇ ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡುತ್ತಾಳೆ. ನೀರು ಬರುವ ದಿನ ಅವಳ ಕೂಲಿಯೂ ಹೋಗುವುದು, ಏಕೆಂದರೆ ಅದು ಯಾವ ಹೊತ್ತಿಗೆ ಬಂದೀತೆಂದು ಹೇಳುವವರಿಲ್ಲ. ಈ ಲೆಕ್ಕ ಹುಬ್ಬಳ್ಳಿಯ ಗಿರಣಿ ಚಾಳಿಗೂ ಅಷ್ಟೇ, ಧಾರವಾಡದ ಹೊಸಯಲ್ಲಾಪುರಕ್ಕೂ ಅಷ್ಟೇ. ತಂಗಾಳಿಯಿಂದ ಬ್ಯಾರಲು ತುಂಬುವುದಿಲ್ಲ.

ಕಸದ ಮಾತೂ ಹಾಗೆಯೇ. ಹುಬ್ಬಳ್ಳಿಯ ಕಸವನ್ನು ದಶಕಗಳ ಕಾಲ ಕಾರವಾರ ರಸ್ತೆಯ ಬದಿಗೆ ಸುರಿದರು, ಧಾರವಾಡದ್ದನ್ನು ಹೊಸಯಲ್ಲಾಪುರದ ಬದಿಗೆ. ಆ ಹೊಗೆ ಕುಡಿದವರು ಯಾವ ಊರಿನವರಾದರೂ ಒಂದೇ ವರ್ಗದವರು.

ಧಾರವಾಡವೆಂದರೆ ಪ್ರೊಫೆಸರರು, ವಕೀಲರು, ಪೇಢೆ ಎಂದು ತಿಳಿದವರು ಒಂದು ದಿನ ಬೆಳಗಿನ ಪಾಳಿಯ ಹೊತ್ತಿಗೆ ಬೇಲೂರು ಕೈಗಾರಿಕಾ ಪ್ರದೇಶದ ಕಡೆ ಹೋಗಿ ನಿಲ್ಲಬೇಕು. ಹುಬ್ಬಳ್ಳಿಯ ಹತ್ತಿ ಗಿರಣಿಗಳ ವೈಭವ ಮುಗಿದು ಚಾಳಿನ ಹೆಸರು ಮಾತ್ರ ಉಳಿದ ಮೇಲೆ, ಹೊಸ ಕಾರ್ಖಾನೆಗಳು ಎದ್ದದ್ದು ಆ ಬದಿಗೆ. ಅಲ್ಲಿ ಬಸ್ಸುಗಳನ್ನೇ ಕಟ್ಟುತ್ತಾರೆ. ಕಟ್ಟುವವರಲ್ಲಿ ಎಷ್ಟೋ ಮಂದಿ ಹುಬ್ಬಳ್ಳಿಯಿಂದ, ಕಲಘಟಗಿಯಿಂದ, ಕಿತ್ತೂರಿನಿಂದ ಬಸ್ಸಿನಲ್ಲಿ ನಿಂತು ಬರುವವರು. ಧಾರವಾಡದಲ್ಲಿಯೇ ಮನೆ ಮಾಡೋಣವೆಂದರೆ ಸಪ್ತಾಪುರದ ಸುತ್ತೆಲ್ಲ ಪರೀಕ್ಷೆಗೆ ಓದುವ ಹುಡುಗರ ಕೋಣೆಗಳು. ಒಂದು ಕೋಣೆಗೆ ನಾಲ್ಕು ಹುಡುಗರನ್ನು ಹಾಕಿದರೆ ನಾಲ್ಕು ಬಾಡಿಗೆ ಬರುವಾಗ, ಹೆಂಡತಿ ಮಕ್ಕಳಿರುವ ಕೂಲಿಕಾರನಿಗೆ ಯಾವ ಮಾಲಕ ಮನೆ ಕೊಟ್ಟಾನು? ಆ ಹುಡುಗರೂ ನಮ್ಮವರೇ, ಬಿಜಾಪುರ, ಬಾಗಲಕೋಟೆ, ರಾಯಚೂರುಗಳ ರೈತರ ಮಕ್ಕಳು. ಅಪ್ಪ ಹೊಲ ಅಡವಿಟ್ಟು ಕಳುಹಿಸಿದ ದುಡ್ಡು ಕೋಣೆಯ ಬಾಡಿಗೆಗೂ ತರಗತಿಯ ಶುಲ್ಕಕ್ಕೂ ಕರಗುತ್ತಿದೆ. ವಿದ್ಯೆಯ ಊರು ಎಂಬ ಬಿರುದಿನ ಇನ್ನೊಂದು ಮುಖ ಇದು.

ದಾರಿಯ ಸಂಗತಿ. ಎರಡು ಊರಿನ ನಡುವೆ ಚಿಗರಿ ಬಸ್ಸಿಗೆಂದೇ ಬೇರೆ ದಾರಿ ಮಾಡಿದರು. 2018ರಲ್ಲಿ ಬಸ್ಸು ಓಡತೊಡಗಿ 2020ರ ಫೆಬ್ರುವರಿಯಲ್ಲಿ ಉದ್ಘಾಟನೆಯೂ ಆಯಿತು. ಸಾರ್ವಜನಿಕ ಸಾರಿಗೆಗೆ ರಸ್ತೆಯ ನಡುಭಾಗವನ್ನೇ ಬಿಟ್ಟುಕೊಟ್ಟದ್ದನ್ನು ಸಮಾಜವಾದಿಗಳಾದ ನಾವು ಸ್ವಾಗತಿಸದೆ ಇರಲಾರೆವು. ಕಾರುಳ್ಳವರು ಅದನ್ನು ಹಳಿದಷ್ಟೂ ನಮಗೆ ಅದರ ಮೇಲೆ ಪ್ರೀತಿ ಹೆಚ್ಚು! ಆದರೆ ಸಾಲುಮರಗಳು ಉರುಳಿದವು, ರಸ್ತೆ ಅಗಲವಾಗುವಾಗ ಬದಿಯ ಸಣ್ಣ ಅಂಗಡಿಗಳು ಹೋದವು, ಮಳೆ ಬಂದರೆ ಧಾರವಾಡದ ಟೋಲ್ ನಾಕೆಯ ಬಳಿ ರಸ್ತೆ ಕೆರೆಯಾಗುವುದು ವರ್ಷವರ್ಷದ ಗೋಳಾಯಿತು. ಇಷ್ಟಾಗಿಯೂ ಮನೆಯಿಂದ ನಿಲ್ದಾಣ, ನಿಲ್ದಾಣದಿಂದ ಕಾರ್ಖಾನೆ ಸೇರಿಸಿ ಹೋಗಿ ಬರಲು ದಿನಕ್ಕೆ ಎರಡು ಗಂಟೆ ಎಂದು ಹಿಡಿಯಿರಿ. ತಿಂಗಳಿಗೆ 26 ದಿನಕ್ಕೆ 52 ಗಂಟೆ. ಎಂಟು ಗಂಟೆಯ ಪಾಳಿಯ ಪ್ರಕಾರ ಆರೂವರೆ ದಿನದ ದುಡಿಮೆ. ಪಗಾರದ ಚೀಟಿಯಲ್ಲಿ ಅದಕ್ಕೊಂದು ಸಾಲೂ ಇಲ್ಲ. ಕಾರ್ಖಾನೆಯ ಬಳಿ ಕಾರ್ಮಿಕರ ಮನೆ ಕಟ್ಟಿಸುವ ಮಾತನ್ನು ಯಾವ ಪಕ್ಷದ ಶಾಸಕರೂ ಆಡುವುದಿಲ್ಲ. ನವನಗರದಂಥ ಬಡಾವಣೆ ಎರಡೂ ಊರಿನ ನಡುವೆ ಎದ್ದು ನಿಂತ ಉದಾಹರಣೆ ಕಣ್ಣೆದುರಿಗೆ ಇರುವಾಗ ಅದು ಆಗದ ಕೆಲಸವೇನೂ ಅಲ್ಲ.

ಸಣ್ಣ ವ್ಯಾಪಾರಿಗಳಿಗೆ ಒಂದು ಮಾತು. ದುರ್ಗದಬೈಲಿನಲ್ಲಿ ಕುಳಿತು ಮಾರುವವರಿಗೂ ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲಿ ಮಾರುವವರಿಗೂ 2014ರ ಬೀದಿ ವ್ಯಾಪಾರಿಗಳ ಕಾಯಿದೆ ಒಂದೇ. ಸಮೀಕ್ಷೆ ಮಾಡದೆ, ಗುರುತಿನ ಚೀಟಿ ಕೊಡದೆ, ಎಬ್ಬಿಸುವ ಅಧಿಕಾರ ಯಾರಿಗೂ ಇಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಶೇಕಡಾ 40ಕ್ಕೆ ಕಡಿಮೆ ಇರಕೂಡದು. ಪಾಲಿಕೆ ಎರಡಾದರೆ ಸಮಿತಿಯೂ ಎರಡಾಗಬೇಕು, ಹಳೆಯ ಚೀಟಿ ಹೊಸ ಪಾಲಿಕೆಯಲ್ಲಿ ನಡೆಯಬೇಕು. ಇದನ್ನು ಈಗಲೇ ಬರೆಸಿಕೊಳ್ಳದಿದ್ದರೆ ಆಮೇಲೆ ಪೋಲೀಸರ ಲಾಠಿಯೇ ಕಾಯಿದೆ.

ಹಾಗಾದರೆ ಬೇರೆ ಪಾಲಿಕೆ ಬೇಡವೇ? 1962ರಲ್ಲಿ ಎರಡು ಪುರಸಭೆಗಳನ್ನು ಕೂಡಿಸಿ ಒಂದು ಪಾಲಿಕೆ ಮಾಡಿದಂದಿನಿಂದ ಧಾರವಾಡದವರ ದೂರು ಒಂದೇ: ಎಲ್ಲಕ್ಕೂ ಹುಬ್ಬಳ್ಳಿಯ ಕಚೇರಿಯ ಕಡೆ ಮುಖ ಮಾಡಬೇಕು. 82 ವಾರ್ಡುಗಳಲ್ಲಿ ಧಾರವಾಡದ್ದು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. ಮತ ಹಾಕಿದರೆ ಸೋಲುವುದು ಖಚಿತ. ಈ ದೂರಿನಲ್ಲಿ ಹುರುಳಿದೆ. ಆಡಳಿತ ಜನರ ಬಾಗಿಲಿಗೆ ಹತ್ತಿರವಾದಷ್ಟೂ ಒಳ್ಳೆಯದೆಂಬುದು ನಮ್ಮ ಪಕ್ಷದ ನಿಲುವು. ಆದ್ದರಿಂದ ನಾವು ಬೇರೆ ಪಾಲಿಕೆಯನ್ನು ವಿರೋಧಿಸುವುದಿಲ್ಲ. ಆದರೆ ಒಟ್ಟಿನ ಮನೆ ಪಾಲಾಗುವಾಗ ಪಂಚರು ಮೊದಲು ನೋಡುವುದು ಬಾವಿಯನ್ನೂ ಸಾಲವನ್ನೂ. ಬಾಗಿಲಿಗೆ ಬಳಿಯುವ ಬಣ್ಣವನ್ನಲ್ಲ. ಮಲಪ್ರಭೆಯ ನೀರಿನಲ್ಲಿ ಯಾರಿಗೆ ಎಷ್ಟು? ನೀರಿನ ಯೋಜನೆಯ ಸಾಲ ಯಾರ ತಲೆಗೆ? ನಿವೃತ್ತ ನೌಕರರ ಪಿಂಚಣಿ ಯಾರು ಕೊಡುವರು? ಗುತ್ತಿಗೆಯ ಮೇಲೆ ಬೀದಿ ಗುಡಿಸುವವರು ಯಾವ ಪಾಲಿಕೆಯ ನೌಕರರು? ವ್ಯಾಪಾರದ ಊರಿನ ಕರದ ಆದಾಯ ಹುಬ್ಬಳ್ಳಿಯಲ್ಲಿಯೇ ಉಳಿದರೆ, ತೆರಿಗೆ ವಿನಾಯಿತಿಯ ಕಾಲೇಜು ಕಚೇರಿಗಳೇ ತುಂಬಿದ ಧಾರವಾಡ ತನ್ನ ಬಡ ಓಣಿಗಳಿಗೆ ಚರಂಡಿ ಮಾಡಿಸುವುದು ಯಾವ ದುಡ್ಡಿನಿಂದ? ಎರಡು ಮಹಾಪೌರರ ಗೌನು ಹೊಲಿಸುವ ಮೊದಲು ಈ ಲೆಕ್ಕವನ್ನು ಕನ್ನಡದಲ್ಲಿ ಅಚ್ಚು ಹಾಕಿ ಪ್ರತಿ ವಾರ್ಡಿನಲ್ಲಿ ಓದಿ ಹೇಳಬೇಕು.

ಇನ್ನೊಂದು ಅಪಾಯವನ್ನೂ ಹೇಳಿಬಿಡೋಣ. 2019ರಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ 2021ರ ಸೆಪ್ಟೆಂಬರಿನವರೆಗೆ ಚುನಾವಣೆಯೇ ನಡೆಯಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಂಬತ್ತು ಲಕ್ಷಕ್ಕೆ ಮಿಕ್ಕಿದ ಜನಕ್ಕೆ ಆಡಳಿತಾಧಿಕಾರಿಯೇ ಸಭೆ, ಅವನೇ ಮಹಾಪೌರ. ವಾರ್ಡುಗಳ ಗಡಿ ಹೊಸದಾಗಿ ಹಾಕಬೇಕೆಂಬ ನೆವದಿಂದ ಅದೇ ಆಟ ಎರಡೂ ಊರಲ್ಲಿ ಮತ್ತೆ ನಡೆಯಬಾರದು. ವಿಭಜನೆಯ ಆಜ್ಞೆಯಲ್ಲಿಯೇ ಚುನಾವಣೆಯ ತಾರೀಖೂ ಇರಬೇಕೆಂದು ನಾವು ಕೇಳುತ್ತೇವೆ.

1953ರಲ್ಲಿ ಕರ್ನಾಟಕದ ಏಕೀಕರಣಕ್ಕಾಗಿ ಅದರಗುಂಚಿಯ ಶಂಕರಗೌಡರು ಉಪವಾಸ ಕುಳಿತಾಗ ಹುಬ್ಬಳ್ಳಿಯ ಬೀದಿಗೆ ಇಳಿದ ಜನ, ವಿದ್ಯಾವರ್ಧಕ ಸಂಘ ಅರವತ್ತು ವರ್ಷ ಆಡಿದ ಮಾತನ್ನೇ ಕೂಗಿ ಹೇಳಿದ್ದರು. ಅಂದು ಯಾರೂ ಯಾವ ಊರು ಮೇಲೆಂದು ಕೇಳಲಿಲ್ಲ. ಈಗ ನಮ್ಮ ಎರಡೂ ಊರಿನ ಶಾಖೆಗಳ ಕಾರ್ಯಕರ್ತರು ಒಂದು ಪುಸ್ತಕ ಹಿಡಿದು ಓಣಿ ಓಣಿಗೆ ಬರುವರು. ಕಳೆದ ತಿಂಗಳು ನಿಮ್ಮ ನಳಕ್ಕೆ ಎಷ್ಟು ದಿನ, ಯಾವ ಹೊತ್ತಿಗೆ ನೀರು ಬಂತು, ಬಾಡಿಗೆ ಎಷ್ಟು, ಕೆಲಸಕ್ಕೆ ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬ ಮೂರು ಪ್ರಶ್ನೆ. ಗಂಡಸರು ಪಾಳಿಗೆ ಹೋಗಿದ್ದರೆ ಮನೆಯ ಹೆಣ್ಣುಮಕ್ಕಳೇ ಉತ್ತರ ಬರೆಸಲಿ. ನೀರಿನ ದಿನ ಅವರಿಗೇ ಚೆನ್ನಾಗಿ ಗೊತ್ತು. ಎರಡೂ ಊರಿನ ಲೆಕ್ಕವನ್ನು ಈ ಪತ್ರಿಕೆಯಲ್ಲಿ ಒಂದೇ ಪುಟದಲ್ಲಿ, ಅಕ್ಕಪಕ್ಕದಲ್ಲಿ ಅಚ್ಚು ಹಾಕುವೆವು.