ವೆಲ್ವಾಲಾ ಅನ್ನೋ ಬೈಗುಳ ಯಾರಿಗೆ ತಾಗುತ್ತೆ?

ಆಫೀಸಿನಿಂದ ಬಂದು ರಾತ್ರಿ ಹೊತ್ತು ‘ದಿ ಎಕ್ಸ್‌ಪ್ಯಾನ್ಸ್’ ಸೀರೀಸ್ ನೋಡ್ತಿದ್ದೀನಿ. 2015ರಿಂದ 2022ರವರೆಗೆ ಬಂದದ್ದು, ನಾನು ನೋಡ್ತಿರೋದು ಈಗ. ಭೂಮಿ, ಮಂಗಳದವರು ಯಜಮಾನರು. ಕ್ಷುದ್ರಗ್ರಹಗಳಲ್ಲಿ ಗಣಿ ಅಗೆದು, ಮಂಜುಗಡ್ಡೆ ಸಾಗಿಸಿ ಬದುಕೋರು ಬೆಲ್ಟರ್‌ಗಳು. ಅವರಿಗೆ ಕುಡಿಯೋ ನೀರೂ ಅಳತೆ, ಉಸಿರಾಡೋ ಗಾಳಿಯೂ ಅಳತೆ. ಕೇರಿಯಲ್ಲಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ನನ್ನನ್ನ ಕಾಡಿದ್ದು ಅದರಲ್ಲಿರೋ ಬೈಗುಳ. ಬೆಲ್ಟರ್‌ಗಳನ್ನ ಮೇಲಿನವರು ‘ಸ್ಕಿನ್ನಿ’ ಅಂತಾರೆ. ಕಡಿಮೆ ಗುರುತ್ವದಲ್ಲಿ ಬೆಳೆದು ಸಣಕಲಾದ ಮೈಯನ್ನೇ ಬೈಗುಳ ಮಾಡಿದ್ದಾರೆ. ಬೆಲ್ಟರ್‌ಗಳ ಬಾಯಲ್ಲಿರೋದು ‘ವೆಲ್ವಾಲಾ’. ಗ್ರಹದವರ ಕಡೆ ವಾಲಿದವನು, ತನ್ನ ಜನಕ್ಕೇ ದ್ರೋಹ ಬಗೆದವನು ಅಂತ ಅರ್ಥ. (ಆ ‘ವಾಲಾ’ ನಮ್ಮ ಚಾಯ್‌ವಾಲಾದ ವಾಲಾನೇ! ಸೀರೀಸಿಗೆ ಬೆಲ್ಟರ್ ಭಾಷೆ ಕಟ್ಟಿದ ನಿಕ್ ಫಾರ್ಮರ್ ಎಲ್ಲೆಲ್ಲಿಂದಲೋ ಪದ ತಂದಿದ್ದಾರೆ.)

ಸಿರಿಸ್‌ನಲ್ಲಿ ಪೊಲೀಸ್ ಕೆಲಸ ಮಾಡೋದು ಸ್ಟಾರ್ ಹೆಲಿಕ್ಸ್ ಅನ್ನೋ ಗುತ್ತಿಗೆ ಕಂಪನಿ. ಅದರ ಪತ್ತೇದಾರ ಮಿಲ್ಲರ್ ಅಲ್ಲೇ ಹುಟ್ಟಿದ ಬೆಲ್ಟರ್. ಚಿಕ್ಕಂದಿನಲ್ಲಿ ಕೊಟ್ಟ ಅಗ್ಗದ ಮೂಳೆ ಔಷಧಿಯ ಗುರುತು ಇನ್ನೂ ಅವನ ಬೆನ್ನುಮೂಳೆ ಮೇಲಿದೆ. ವೆಲ್ವಾಲಾ ಅನ್ನಿಸಿಕೊಳ್ಳೋನು ಇವನೇ. ಸಾಚಾ ಏನಲ್ಲ. ಗಾಳಿ ಫಿಲ್ಟರ್ ಬದಲಾಯಿಸದವನ ಹತ್ರ ಲಂಚ ತಿಂತಾನೆ, ಆಮೇಲೆ ಆ ಗಾಳಿಗೆ ಮಗು ಕೆಮ್ಮೋದು ನೋಡಿ ಅದೇ ಮನುಷ್ಯನ ಕುತ್ತಿಗೆಗೆ ಬರ್ತಾನೆ. ಕಂಪನಿಗೆ ಬೇಡವಾದ ಸತ್ಯದ ಬೆನ್ನು ಹತ್ತಿದಾಗ ಕೆಲಸದಿಂದ ಕಿತ್ತು ಹಾಕ್ತಾರೆ. ಅತ್ತ ಕಂಪನಿಯವನೂ ಅಲ್ಲ, ಇತ್ತ ತನ್ನ ಜನರವನೂ ಅಲ್ಲ.

ಸ್ಕಿನ್ನಿ, ವೆಲ್ವಾಲಾ ಎರಡೂ ಒಂದೇ ಅಂತ ತೂಗೋರ ಜೊತೆ ನಾನಿಲ್ಲ. ಮೇಲಿಂದ ಬೀಳೋ ಬೈಗುಳದ ಹಿಂದೆ ನೀರು ನಿಲ್ಲಿಸೋ ಅಧಿಕಾರ ಇದೆ. ಕೆಳಗಿನವರ ಬೈಗುಳದ ಹಿಂದೆ ಇರೋದು ಹೊಟ್ಟೆಯುರಿ ಮಾತ್ರ. ಆದ್ರೆ ವೆಲ್ವಾಲಾ ಅನ್ನೋ ಮಾತು ಭೂಮಿಯಲ್ಲಿ ಕೂತು ಗುತ್ತಿಗೆ ಬರೆದವನ ಕಿವಿಗೆ ಯಾವತ್ತಾದ್ರೂ ಬೀಳುತ್ತಾ? ಮಿಲ್ಲರ್ ಕಿವಿಗಷ್ಟೇ ಬೀಳೋದು.

ಕೆಲವು ವರ್ಷದ ಹಿಂದೆ ಒಂದು ಧರಣಿಯಲ್ಲಿ ನಮ್ಮ ಕೇರಿಯ ಹುಡುಗನೇ ಪೇದೆಯಾಗಿ ಬ್ಯಾರಿಕೇಡ್ ಆಚೆ ನಿಂತಿದ್ದ. ‘ಕುಲದ್ರೋಹಿ, ನಾಯಿ’ ಅಂತ ಕೂಗಿದವರಲ್ಲಿ ನಾನೂ ಇದ್ದೆ. ಲಾಠಿ ಎತ್ತಿದ್ದು ತಪ್ಪೇ, ಅದನ್ನ ಈಗಲೂ ಹೇಳ್ತೀನಿ. ಆದ್ರೆ ಲಾಠಿ ಎತ್ತು ಅಂದ ಸಾಹೇಬ ಜೀಪಿನೊಳಗೇ ಕೂತಿದ್ದ, ಅವನ ಹೆಸರೂ ನಮಗೆ ಗೊತ್ತಿರಲಿಲ್ಲ. ಆ ಹುಡುಗನಿಗೆ ಸ್ಟೇಷನ್ನಿನೊಳಗೆ ಜಾತಿ ಹಿಡಿದು ಕರೆಯೋರಿದ್ದಾರೆ ಅಂತ ಆಮೇಲೆ ತಿಳೀತು.

ಅವನ ಅವ್ವ ಆವತ್ತಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಈ ಭಾನುವಾರ ಅವರ ಮನೆಗೆ ಹೋಗೋಣ ಅಂತಿದ್ದೀನಿ.