ಪುಟ್ಟ ಬೈಕಿಗೆ ದೊಡ್ಡ ಬೆಲೆ: 50 ಸಿಸಿ ಯುಗಾಂತ್ಯದ ಲೆಕ್ಕಾಚಾರ

ಹದಿನಾರರ ಹುಡುಗರಿಗೆಂದು ತಯಾರಾದ ಬೈಕನ್ನು ಇಂದು ಐವತ್ತು ದಾಟಿದವರು ಹುಡುಕಿಕೊಂಡು ಹೋಗುತ್ತಿದ್ದಾರೆ. ಜಪಾನಿನಲ್ಲಿ ಸುಸ್ಥಿತಿಯ ಹೋಂಡಾ ಎನ್‌ಎಸ್‌ಆರ್ 50 ಮಾರಾಟಕ್ಕೆ ಬಂದರೆ, ಹೊಸದಾಗಿದ್ದಾಗಿನ ಬೆಲೆಗಿಂತ ಹೆಚ್ಚಿನ ಮೊತ್ತ ಕೇಳುವುದು ಸಾಮಾನ್ಯವಾಗಿದೆ. ಇದನ್ನು ಕೇವಲ ಹಳೆಯ ನೆನಪಿನ ವ್ಯಾಮೋಹವೆಂದು ತಳ್ಳಿಹಾಕುವಂತಿಲ್ಲ. ಇದರ ಹಿಂದೆ ಕಾನೂನಿನ ಕೈವಾಡವೂ ಇದೆ.

1986ರಲ್ಲಿ ಸುಜುಕಿಯ ಗ್ಯಾಗ್ ಮತ್ತು ಯಮಹಾದ ವೈಎಸ್‌ಆರ್ 50, ಮರುವರ್ಷ ಹೋಂಡಾದ ಎನ್‌ಎಸ್‌ಆರ್ 50 ರಸ್ತೆಗಿಳಿದವು. ಮೂರೂ ರೇಸ್ ಬೈಕುಗಳ ಕಿರು ಪಡಿಯಚ್ಚುಗಳು. ಅವುಗಳಲ್ಲಿ ಎನ್‌ಎಸ್‌ಆರ್ ಆಟಿಕೆಯಂತೆ ಕಂಡರೂ ಆಟಿಕೆಯಾಗಿರಲಿಲ್ಲ. ನೀರಿನಿಂದ ತಂಪಾಗುವ 49 ಸಿಸಿ ಟೂ ಸ್ಟ್ರೋಕ್ ಎಂಜಿನ್, 12 ಇಂಚಿನ ಚಕ್ರಗಳು, ಎರಡೂ ಕಡೆ ಡಿಸ್ಕ್ ಬ್ರೇಕ್. ಅದರ 7.2 ಅಶ್ವಶಕ್ತಿಯು 50 ಸಿಸಿ ವರ್ಗಕ್ಕೆ ತಯಾರಕರು ತಾವೇ ಹಾಕಿಕೊಂಡಿದ್ದ ಮಿತಿ. ಕಾನೂನು ಈ ವರ್ಗಕ್ಕೆ ನೀಡಿದ ವೇಗವಾದರೋ ಗಂಟೆಗೆ 30 ಕಿ.ಮೀ. ಮಾತ್ರ! ಆದ್ದರಿಂದಲೇ ಈ ಬೈಕುಗಳ ನಿಜವಾದ ಬದುಕು ಅರಳಿದ್ದು ರಸ್ತೆಗಿಂತ ಹೆಚ್ಚಾಗಿ ಕಿರು ರೇಸ್ ಅಂಗಳಗಳಲ್ಲಿ.

ಈಗ ಆ ವರ್ಗವೇ ತೆರೆಮರೆಗೆ ಸರಿದಿದೆ. 1980ರ ದಶಕದ ಆರಂಭದಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ತಲುಪಿದ್ದ 50 ಸಿಸಿ ವಾಹನಗಳ ದೇಶೀಯ ಪೂರೈಕೆ 2023ರಲ್ಲಿ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. ವಿದ್ಯುತ್ ನೆರವಿನ ಸೈಕಲ್ಲುಗಳು ಒಂದೆಡೆ ಗಿರಾಕಿಗಳನ್ನು ಸೆಳೆದವು. ಇನ್ನೊಂದೆಡೆ 2025ರ ನವೆಂಬರಿನಿಂದ ಕಠಿಣ ಹೊಗೆ ನಿಯಮ ಅನ್ವಯವಾಯಿತು. ಪುಟ್ಟ ಎಂಜಿನ್ ಹೊರಸೂಸುವ ಶಾಖ ಕಡಿಮೆ; ಹೊಗೆ ಶುದ್ಧಿಗೊಳಿಸುವ ಉಪಕರಣ ಬಿಸಿಯೇರಲು ಹೆಚ್ಚು ಸಮಯ ಬೇಕು. ಅದನ್ನು ಸರಿಪಡಿಸುವ ವೆಚ್ಚ ಅಗ್ಗದ ವಾಹನಕ್ಕೆ ಹೊಂದುವಂಥದಲ್ಲ. ಹೀಗಾಗಿ 2025ರ ಏಪ್ರಿಲಿನಿಂದಲೇ ಹಳೆಯ ಪರವಾನಗಿಯಲ್ಲಿ, ಶಕ್ತಿಯನ್ನು 4 ಕಿಲೋವ್ಯಾಟ್‌ಗೆ ಮಿತಿಗೊಳಿಸಿದ 125 ಸಿಸಿವರೆಗಿನ ಬೈಕುಗಳಿಗೂ ಅವಕಾಶ ನೀಡಲಾಯಿತು. ವೇಗದ ಮಿತಿ ಮಾತ್ರ ಅದೇ 30.

ಹೊಸದು ಬಾರದೆಂದು ಖಚಿತವಾದಾಗ ಹಳೆಯದರ ಬೆಲೆ ಏರುವುದು ಸಹಜ. ಆದರೆ ಕೊಳ್ಳುವವರು ಎಚ್ಚರ ವಹಿಸಬೇಕಾದ ಅಂಶಗಳಿವೆ. ಜಪಾನಿನಲ್ಲಿ 250 ಸಿಸಿವರೆಗಿನ ಬೈಕುಗಳಿಗೆ ಕಡ್ಡಾಯ ನಿಯತಕಾಲಿಕ ತಪಾಸಣೆ ಇಲ್ಲ. ಆದ್ದರಿಂದ ಅವುಗಳ ಪೂರ್ವಚರಿತ್ರೆಗೆ ಅಧಿಕೃತ ದಾಖಲೆ ಇರುವುದು ವಿರಳ. 50 ಸಿಸಿ ವಾಹನದ ನಂಬರ್ ಪ್ಲೇಟ್ ನೀಡುವುದು ಸ್ಥಳೀಯ ಪುರಸಭೆ; ನೋಂದಣಿ ರದ್ದತಿಯ ಪತ್ರವಿಲ್ಲದ ಬೈಕು ಕಳವಿನ ಮಾಲೂ ಇರಬಹುದು. ರೇಸಿನಲ್ಲಿ ಬಿದ್ದೆದ್ದ ಚೌಕಟ್ಟನ್ನು ಹೊಸ ಬಣ್ಣ ಸುಲಭವಾಗಿ ಮರೆಮಾಚುತ್ತದೆ.

ಭಾರತದ ಅಭಿಮಾನಿಗಳಿಗಂತೂ ದಾರಿ ಬಹುತೇಕ ಮುಚ್ಚಿದೆ. ಮೂರು ವರ್ಷಕ್ಕಿಂತ ಹಳೆಯದಾದ ಬಳಸಿದ ವಾಹನಗಳ ಆಮದಿಗೆ ಇಲ್ಲಿ ನಿರ್ಬಂಧವಿದೆ. 2025ರಲ್ಲಿ ಸಡಿಲಗೊಂಡ ವಿಂಟೇಜ್ ನಿಯಮ 50 ವರ್ಷ ದಾಟಿದವುಗಳಿಗೆ ಮಾತ್ರ. 1987ರ ಬೈಕು ಹೊಸದೂ ಅಲ್ಲ, ಕಾನೂನಿನ ಕಣ್ಣಿನಲ್ಲಿ ಸಾಕಷ್ಟು ಹಳೆಯದೂ ಅಲ್ಲ.

ಮುಗಿದ ಯುಗವೊಂದರ ಕುರುಹನ್ನು ಕೊಂಡವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡುವರೋ, ಓಡಿಸುವರೋ ಎಂಬುದೇ ಉಳಿದ ಪ್ರಶ್ನೆ. ಹದಿಹರೆಯದವರು ಓಡಿಸಿ ಕಲಿಯಲೆಂದು ಹುಟ್ಟಿದ ಯಂತ್ರ ಹೂಡಿಕೆಯ ವಸ್ತುವಾದರೆ, ಅದರ ಬೆಲೆ ಉಳಿಯಬಹುದು, ಉದ್ದೇಶ ಉಳಿಯದು.