ಹೊಳಪು ಎಂಬ ಅಳಿಸುವ ರಬ್ಬರು

ಹಳೆಯ ಕಾರನ್ನು 'ಹೊಸದರ ಹಾಗೆ ಮಾಡಿದೆವು' ಎಂದು ಯಾರಾದರೂ ಹೆಮ್ಮೆಪಟ್ಟರೆ ಅಭಿನಂದಿಸಲು ನನಗೆ ಮನಸ್ಸಾಗುವುದಿಲ್ಲ. ಹೊಸದೇ ಬೇಕಿದ್ದರೆ ಶೋರೂಮಿಗೆ ಹೋಗಬಹುದಿತ್ತು. ಪೋರ್ಟಿಕೋದಲ್ಲಿ ನಿಂತ ಪ್ರೀಮಿಯರ್ ಪದ್ಮಿನಿಯನ್ನು ತಗಡು ಕಾಣುವವರೆಗೆ ಉಜ್ಜಿ, ಕನ್ನಡಿಯಂಥ ಕೆಂಪು ಹೊಡೆದು, ಅದನ್ನು ರೆಸ್ಟೋರೇಶನ್ ಎಂದು ಕರೆಯುತ್ತೇವೆ. ನನ್ನ ಪ್ರಕಾರ ಅದು ಉಳಿಸುವ ಕೆಲಸವಲ್ಲ, ಅಳಿಸುವ ಕೆಲಸ.

1964ರಲ್ಲಿ ಮುಂಬಯಿಯ ಕುರ್ಲಾದಲ್ಲಿ ಫಿಯಟ್ 1100 ಡಿಲೈಟ್ ಆಗಿ ತಯಾರಾಗತೊಡಗಿ, 1970ರ ದಶಕದಲ್ಲಿ ಪದ್ಮಿನಿ ಎನಿಸಿಕೊಂಡ ಕಾರು ಇದು. ಆ ಕಾಲದ ಸಾದಾ ಬಣ್ಣದ ಮೇಲೆ ಇಂದಿನಂತೆ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತಿರಲಿಲ್ಲ. ಬಣ್ಣವೇ ಹೊಳಪು, ಪಾಲಿಶ್ ಮಾಡಿದರೆ ಬಟ್ಟೆಗೂ ಹತ್ತುತ್ತದೆ. ಆ ಮೆದು ಹೊಳಪಿನ ಜಾಗದಲ್ಲಿ ಗಾಜಿನ ಥಳಕು ತರುವುದೆಂದರೆ ಹಳಗನ್ನಡ ಕಾವ್ಯವನ್ನು ಜಾಹೀರಾತಿನ ಭಾಷೆಗೆ ತಿದ್ದಿದಂತೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಅರ್ಥವಾಗಬೇಕು. ಓಲೆಗರಿಯನ್ನು ಸಂಪಾದಿಸುವವರು ತಮಗೊಪ್ಪದ ಪಾಠಾಂತರವನ್ನೂ ಅಡಿಟಿಪ್ಪಣಿಯಲ್ಲಿ ಉಳಿಸುತ್ತಾರೆ. ಕಾರಿಗೂ ಪಾಠಾಂತರಗಳಿವೆ. ನಾಣ್ಯದಷ್ಟು ಜಾಗವನ್ನು ವಾಟರ್ ಪೇಪರಿನಿಂದ ನಿಧಾನವಾಗಿ ಉಜ್ಜಿ ನೋಡಿ: ಮರದ ಉಂಗುರಗಳಂತೆ ಒಂದೊಂದು ಪದರವೂ ಕಾಣುತ್ತದೆ. ಡಿಕ್ಕಿಯ ಒಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಮೂಲ ಬಣ್ಣ ಇನ್ನೂ ಉಸಿರಾಡುತ್ತಿರಬಹುದು. ಇದನ್ನೆಲ್ಲ ಫೋಟೋ ತೆಗೆದು ಬರೆದಿಡದೆ ಉಜ್ಜುವವರು ಮೂಲಪ್ರತಿಯನ್ನೇ ಒಲೆಗೆ ಹಾಕಿದಂತೆ.

'ತುಕ್ಕು ಹಿಡಿದ ಗಾಡಿಯನ್ನು ಹಾಗೇ ಬಿಡಬೇಕೇ?' ಎಂದು ಕೇಳುವವರಿದ್ದಾರೆ. ಬೇಡ. ಕೊಳೆತ ತಗಡನ್ನು ಕತ್ತರಿಸಿ, ಹೊಸತನ್ನು ವೆಲ್ಡ್ ಮಾಡಿ, ಪ್ರೈಮರ್ ಕೊಟ್ಟು, ಅಷ್ಟು ಭಾಗಕ್ಕೆ ಹಳೆಯದಕ್ಕೆ ಹೊಂದುವ ಬಣ್ಣ ಹೊಡೆಯಿರಿ. ಹೊಳಪಿನ ಮೋಹಿಗಳು ಮಾಡುವುದು ಇದನ್ನಲ್ಲ. ತುಕ್ಕಿನ ಮೇಲೇ ಪುಟ್ಟಿ ಮೆತ್ತುತ್ತಾರೆ. ಪುಟ್ಟಿ ತೇವ ಹೀರುತ್ತದೆ, ಒಳಗೆ ತಗಡು ತಿನ್ನಿಸಿಕೊಳ್ಳುತ್ತಲೇ ಇರುತ್ತದೆ. ಒಂದೆರಡು ಮಳೆಗಾಲದಲ್ಲಿ ಕೆಂಪು ಬಣ್ಣ ಗುಳ್ಳೆ ಏಳುತ್ತದೆ.

ಈ ಥಳಕಿಗೆ ತೆರುವ ಬೆಲೆ ಕಾರಿನದು ಮಾತ್ರವೂ ಅಲ್ಲ. ಇಂದಿನ ಟೂ-ಕೆ ಬಣ್ಣದ ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ. ಅದು ಉಸಿರಿಗೆ ಸೇರಿದರೆ ಜೀವನಪೂರ್ತಿ ಆಸ್ತಮಾ ಅಂಟಿಕೊಳ್ಳಬಹುದು. ಮೂಗಿಗೆ ಕಟ್ಟಿದ ಕರ್ಚೀಫು ಅದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಬೇಕು. ಮನೆಯಂಗಳದಲ್ಲಿ ಸ್ಪ್ರೇ ಗನ್ ಹಿಡಿದ ಎಷ್ಟು ಮಂದಿಗೆ, ಅವರು ಕೂಲಿಗೆ ಕರೆಸಿದ ಎಷ್ಟು ಹುಡುಗರಿಗೆ ಅದು ಸಿಗುತ್ತದೆ?

ಮಾಸಿದ ಬಣ್ಣ ದಾರಿದ್ರ್ಯದ ಗುರುತಲ್ಲ, ವಯಸ್ಸಿನ ಗುರುತು. ಅಜ್ಜಿಯ ಮುಖದ ಸುಕ್ಕಿಗೆ ಯಾರೂ ಪುಟ್ಟಿ ಹಚ್ಚುವುದಿಲ್ಲ. ಸ್ಪ್ರೇ ಗನ್ ಕೈಗೆತ್ತಿಕೊಳ್ಳುವ ಮೊದಲು ಒಂದು ಡಬ್ಬಿ ಪಾಲಿಶು, ಒಂದು ಮೆತ್ತನೆಯ ಬಟ್ಟೆ, ಒಂದು ಭಾನುವಾರ ಕೊಟ್ಟು ನೋಡಿ. ಬಳಿಯುವುದು ಯಾವಾಗಲೂ ಸಾಧ್ಯ. ಅಳಿಸಿದ್ದನ್ನು ಮರಳಿ ತರುವುದು ಯಾವ ಗ್ಯಾರೇಜಿನಲ್ಲೂ ಸಾಧ್ಯವಿಲ್ಲ.